ಹೊಳೆಯಕ್ಕ ಬರೆಯದ ಪುಟ

ನಮ್ಮದು ಹೊಳೆ ಕಾಯುವ ಸಂಸ್ಥೆ. ಎರಡು ಕೋಣೆ, ಆರು ಜನ, ಅವರಲ್ಲೊಬ್ಬಳು ಹೊಳೆಯಕ್ಕ. ಹತ್ತೊಂಬತ್ತು ವರ್ಷದಿಂದ ಬಣ್ಣದ ಕಾರ್ಖಾನೆಯ ಕೆಳಗಡೆ ನೀರು ಹಿಡಿದು, ಬಾಟಲಿಗೆ ಚೀಟಿ ಅಂಟಿಸಿ, ಪರೀಕ್ಷೆಗೆ ಕಳಿಸುತ್ತಿದ್ದವಳು ಅವಳೇ. ಕೊಳೆನೀರು ಯಾವಾಗ ಬಿಡುತ್ತಾರೆ, ಎಲ್ಲಿ ನಿಂತರೆ ಸಿಗುತ್ತದೆ, ಎಲ್ಲ ಅವಳ ತಲೆಯಲ್ಲೇ ಇತ್ತು. ಮುಖ್ಯಸ್ಥರು ಅವಳನ್ನು ಕೇಳದೆ ಹೊಳೆಯ ವಿಷಯದಲ್ಲಿ ತುಟಿ ಬಿಚ್ಚುತ್ತಿರಲಿಲ್ಲ.

ಆಮೇಲೆ ಹೊಸದಾಗಿ ಒಬ್ಬ ಹುಡುಗಿ ಕೆಲಸಕ್ಕೆ ಬಂದಳು. ಸಂಸ್ಥೆಯನ್ನು ಗಟ್ಟಿ ಮಾಡುವುದೇ ಅವಳ ಕೆಲಸವಂತೆ.

"ಒಬ್ರು ರಜೆ ಹಾಕಿದ್ರೂ ಕೆಲಸ ನಿಲ್ಬಾರ್ದು. ಎಲ್ರೂ ಅವರವರ ಕೆಲಸ ಬರೆದುಕೊಡಿ," ಎಂದಳು.

"ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ," ಎಂದು ಅಕ್ಕ ನನ್ನ ಕಿವಿಯಲ್ಲಿ ಗೊಣಗಿದಳು. ನಾನು ನಕ್ಕೆ. ನನಗೂ ಹೊಟ್ಟೆ ಉರಿಯುತ್ತಿತ್ತು. ಹನ್ನೆರಡು ವರ್ಷ ಟೈಪು ಮಾಡಿದ ನನಗೆ ಕಿಟಕಿ ಪಕ್ಕದ ಮೇಜು ಸಿಕ್ಕಿರಲಿಲ್ಲ; ಅವಳಿಗೆ ಮೊದಲ ದಿನವೇ ಸಿಕ್ಕಿತು.

ಮುಖ್ಯಸ್ಥರು "ಅಕ್ಕನ್ನ ಕರೀರಿ" ಅನ್ನುವುದನ್ನು ಬಿಟ್ಟು "ಆ ಹುಡುಗೀನ ಕೇಳಿ" ಅನ್ನತೊಡಗಿದರು. ಪ್ರತಿ ಸಲವೂ ಅಕ್ಕನ ಮುಖ ಕಪ್ಪಿಡುತ್ತಿತ್ತು. ಕೊನೆಗೂ ಹನ್ನೊಂದು ಪುಟ ಬರೆದುಕೊಟ್ಟಳು. ಟೈಪು ಮಾಡಿದವಳು ನಾನು. ದಿನ, ಗಂಟೆ, ಬಾಟಲಿ ತೊಳೆಯುವ ಬಗೆ, ಎಲ್ಲ ಇತ್ತು. ಕೊಳೆ ಎಡದಂಡೆಗೆ ಅಂಟಿಕೊಂಡೇ ಹರಿಯುತ್ತದೆ, ಅಲ್ಲೇ ಇಳಿದು ನೀರು ಹಿಡಿಯಬೇಕು ಎಂಬುದೊಂದು ಇರಲಿಲ್ಲ. ಅಕ್ಕನ ಜೊತೆ ಹೋಗಿ ಅದನ್ನು ಕಣ್ಣಾರೆ ಕಂಡಿದ್ದ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಅಕ್ಕನ ಬದಲು ಹುಡುಗಿಯೇ ಆ ಪುಟಗಳನ್ನು ಹಿಡಿದು ಮೂರು ತಿಂಗಳು ಸೇತುವೆ ಮೇಲಿಂದ ನಡುಹೊಳೆಯ ನೀರೆತ್ತಿದಳು. ಒಂದು ಬಾಟಲಿಯಲ್ಲೂ ಬಣ್ಣ ಸಿಗಲಿಲ್ಲ. ಕಾರ್ಖಾನೆಯ ಮೇಲೆ ನಾವು ಕೊಟ್ಟಿದ್ದ ದೂರಿನ ವಿಚಾರಣೆಯ ದಿನ ಅವರ ವಕೀಲರು ನಮ್ಮ ವರದಿಯನ್ನೇ ನಮಗೆ ಓದಿ ಹೇಳಿದರು. ನಮ್ಮ ದೂರು ವಜಾ ಆಯಿತು.

ಮರುದಿನ ಮುಖ್ಯಸ್ಥರು ಬಾಟಲಿ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ಅಕ್ಕನ ಮುಂದಿಟ್ಟರು.

"ನೀವಿಲ್ದೆ ಆಗಲ್ಲ ಅಕ್ಕ."

ಈ ಒಂದು ಮಾತಿಗೆ ಅವಳು ಎಷ್ಟು ಹಂಬಲಿಸಿದ್ದಳೆಂದು ನನಗೆ ಗೊತ್ತು. ಆದರೆ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಒಂದು ಹಾಳೆ ತೆಗೆದುಕೊಂಡು, ಹನ್ನೆರಡನೆಯ ಪುಟವನ್ನು ಕೈಯಲ್ಲೇ ಬರೆದು ಹುಡುಗಿಗೆ ಕೊಟ್ಟಳು.

ಹುಡುಗಿ ಎರಡು ಸಲ ಓದಿದಳು. "ಇದು ನಿಮಗೆ ಮೊದಲೇ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು. ನಿನ್ನ ಕಂಡ್ರೆ ಹೊಟ್ಟೆಕಿಚ್ಚು, ಬರೀಲಿಲ್ಲ," ಎಂದಳು ಅಕ್ಕ. ನನ್ನ ಹೆಸರೆತ್ತಲಿಲ್ಲ.

ಹುಡುಗಿ ನನ್ನ ಕಡೆ ತಿರುಗಿದಳು. ನಾನು ತಲೆ ತಗ್ಗಿಸಿ ಟೈಪು ಮಾಡುತ್ತಲೇ ಇದ್ದೆ.