ಜ್ವರದ ದಿನ ಸೊಪ್ಪು ಹಾಕದವರು

ಕೊಳ್ಳೇಗಾಲದ ರೇಷ್ಮೆಯ ಮಾತು ಬಂದಾಗ ನೇಯ್ದವರ ಹೆಸರು ಮೊದಲು ಬರುತ್ತದೆ, ಮಾರಿದವರ ಹೆಸರು ಆಮೇಲೆ ಬರುತ್ತದೆ, ಗೂಡು ಬೆಳೆದ ರೈತರ ಹೆಸರು ಯಾರಾದರೂ ನೆನಪಿಸಿದರೆ ಬರುತ್ತದೆ. ಆ ರೈತರ ಮನೆಬಾಗಿಲಿಗೆ ಮೂವತ್ತೈದು ವರ್ಷ ಬಸ್ಸಿನಲ್ಲೂ ಕಾಲ್ನಡಿಗೆಯಲ್ಲೂ ಹೋಗಿಬಂದವರ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ. ಕಳೆದ ಮೇ ತಿಂಗಳ ಕೊನೆಯ ದಿನ ವಯೋನಿವೃತ್ತಿ ಹೊಂದಿದ ನಮ್ಮ ರೇಷ್ಮೆ ವಿಸ್ತರಣಾಧಿಕಾರಿ ಶ್ರೀಮತಿ ಶಿವರತ್ನಮ್ಮನವರು ಅಂಥವರಲ್ಲಿ ಒಬ್ಬರು. ಅವರನ್ನು ಗೌರವಿಸುವ ಈ ಸಂಪುಟಕ್ಕೆ ಅವರ ಕಿರಿಯ ಸಹೋದ್ಯೋಗಿಯಾಗಿ ನಾಲ್ಕು ಮಾತು ಬರೆಯುವ ಅವಕಾಶ ದೊರೆತದ್ದು ನನ್ನ ಭಾಗ್ಯವೆಂದೇ ತಿಳಿದಿದ್ದೇನೆ.

ಸಂಪುಟದ ಸಮಿತಿಯವರು ನನ್ನಿಂದ ಕೇಳಿದ್ದು ಮೇಡಂ ಅವರ ಸಾಧನೆಗಳ ಪಟ್ಟಿಯನ್ನು. ಎರಡು ವಾರ ಹುಡುಕಿದೆ. ಪ್ರಶಸ್ತಿ ಇಲ್ಲ, ಪದಕ ಇಲ್ಲ, ಭಾಷಣ ಮಾಡಿದ ದಾಖಲೆಯಿಲ್ಲ. ಇಲಾಖೆಯ ರೇಷ್ಮೆ ಮೇಳದ ಒಂದು ಗುಂಪುಚಿತ್ರದಲ್ಲಿ ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುತ್ತದೆ. ಉಳಿದರ್ಧವನ್ನು ಮುಂದೆ ನಿಂತ ನಾನೇ ಮರೆಮಾಡಿದ್ದೇನೆ. ಹೀಗಾಗಿ ಪಟ್ಟಿಯ ಬದಲು ಒಂದು ಬೆಳೆಯ ಕಥೆ ಬರೆಯುತ್ತಿದ್ದೇನೆ. ಅದನ್ನು ಕೆಡಿಸಿದವನು ನಾನು.

ಅದಕ್ಕೂ ಮೊದಲು ಅವರ ಸೇವೆಯ ಆರಂಭವನ್ನು ಹೇಳಬೇಕು. ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಹುಳ ಸಾಕುವ ಕ್ರಮವನ್ನು ರೈತರಿಗೆ ತೋರಿಸಿಕೊಡುವ ಪ್ರದರ್ಶಕಿಯಾಗಿ ಸೇರಿದ ಅವರಿಗೆ ಮೊದಲು ಸಿಕ್ಕಿದ್ದು ಹನೂರಿನಾಚೆ ಗೋಪಿನಾಥಂ ದಾರಿಯ ಹಳ್ಳಿಗಳು. ಬೆಳಿಗ್ಗೆ ಇಳಿಸಿ ಹೋದ ಬಸ್ಸು ಸಂಜೆಯೇ ಹಿಂತಿರುಗುತ್ತಿತ್ತು. ಒಂದು ದಿನಕ್ಕೆ ಒಂದೇ ಊರು, ಆ ಊರಿನಲ್ಲಿ ಹುಳ ಸಾಕುವ ಮನೆಗಳು ಹೆಚ್ಚೆಂದರೆ ಮೂರು. ಬೇರೆಯವರಾಗಿದ್ದರೆ ಇಂಥ ಕಡೆಗೆ ಹಾಕಿದರಲ್ಲಾ ಎಂದು ಕೊರಗುತ್ತಿದ್ದರು. ಇವರು ಆ ಮೂರು ಮನೆಗಳಲ್ಲಿ ಕುಳಿತರು, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಮಾತಾಡುವುದನ್ನು ಕಲಿತರು, ಹುಳ ಸೊಪ್ಪು ತಿನ್ನುವ ಸದ್ದಿನಿಂದಲೇ ಅವುಗಳ ಆರೋಗ್ಯ ತಿಳಿಯುವಷ್ಟು ಹೊತ್ತು ಸುಮ್ಮನೆ ಇದ್ದರು. ಮುಂದೆ ಯಳಂದೂರಿಗೂ ಕೊಳ್ಳೇಗಾಲಕ್ಕೂ ವರ್ಗವಾಗಿ ಬಂದಾಗ ಗಂಟೆಗೊಂದು ಬಸ್ಸಿದ್ದರೂ ಆ ಅಳತೆಯನ್ನು ಅವರು ಬದಲಿಸಲಿಲ್ಲ. ದಿನಕ್ಕೆ ಮೂರೇ ಮನೆ. ಯಾವ ಮನೆಗೆ ಯಾವ ವಾರವೋ ಅದೇ ವಾರ. ಮಧ್ಯಾಹ್ನ ಒಂದು ಗಂಟೆಗೆ ಕಡತ ಮುಚ್ಚಿ ಬೇವಿನ ಮರದ ಕೆಳಗೆ ಊಟದ ಡಬ್ಬಿ ತೆರೆದರೆ, ತಪಾಸಣೆಗೆ ಬಂದ ಮೇಲಧಿಕಾರಿಗಳಿಗೂ ಅದರಲ್ಲಿ ಒಂದು ಪಾಲು ಸಿಗುತ್ತಿತ್ತೇ ಹೊರತು ಊಟ ಮುಂದಕ್ಕೆ ಹೋಗುತ್ತಿರಲಿಲ್ಲ.

ಎರಡು ಸಾವಿರದ ಹದಿಮೂರರಲ್ಲಿ ನಾನು ಪ್ರದರ್ಶಕನಾಗಿ ಅವರ ಕೈಕೆಳಗೆ ಬಂದೆ. ನನ್ನ ಹುರುಪನ್ನು ಈಗ ನೆನೆದರೆ ನನಗೇ ನಗು ಬರುತ್ತದೆ. ಹೊಸ ಬೈಕಿನಲ್ಲಿ ದಿನಕ್ಕೆ ಹನ್ನೊಂದು ಮನೆ ಸುತ್ತುತ್ತಿದ್ದೆ. ಊಟ ಬಿಟ್ಟದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಮೂರು ಮನೆಗೆ ಹೋಗಿ ಬಂದು ಶಾಂತವಾಗಿ ಕುಳಿತುಕೊಳ್ಳುವ ಮೇಡಂ ಅವರನ್ನು ಕಂಡು, ನಿವೃತ್ತಿಗೆ ಹನ್ನೊಂದು ವರ್ಷವಿರುವಾಗಲೇ ಇವರು ಮಾನಸಿಕವಾಗಿ ನಿವೃತ್ತರಾಗಿದ್ದಾರೆ ಎಂದು ಗೆಳೆಯರ ಬಳಿ ಲೇವಡಿ ಮಾಡಿದ್ದೂ ಉಂಟು. ಈ ಸಾಲನ್ನು ಅವರು ಓದುತ್ತಾರೆಂದು ಗೊತ್ತಿದ್ದೇ ಬರೆದಿದ್ದೇನೆ.

ಧನಗೆರೆಯ ಪುಟ್ಟಬಸಮ್ಮ ಹುಳ ಸಾಕುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಅವರ ಹಿಂದೆ ಬಿದ್ದು, ಅರ್ಧ ಎಕರೆಗೆ ಹಿಪ್ಪುನೇರಳೆ ಕಡ್ಡಿ ನೆಡಿಸಿ, ಮತ್ತೆ ಹುಳ ಇಡಿಸಿದವನು ನಾನೇ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಸೀಮೆಯಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕುಳಿತ ಹುಳ ತಲೆಯೆತ್ತಿ ಅಲುಗದೆ ಒಂದು ದಿನವಿಡೀ ಇರುತ್ತದೆ, ಏನನ್ನೂ ತಿನ್ನುವುದಿಲ್ಲ. ಆಗ ಸೊಪ್ಪು ಹಾಕಬಾರದು. ತರಬೇತಿಯ ಮೊದಲ ವಾರದಲ್ಲಿಯೇ ಕಲಿಸುವ ಪಾಠವಿದು. ಆದರೆ ಪುಟ್ಟಬಸಮ್ಮನ ಮನೆಗೆ ಹೋದ ಆ ದಿನ ನನಗೆ ಇನ್ನೂ ಆರು ಮನೆ ಬಾಕಿಯಿತ್ತು. ಬಾಗಿಲಲ್ಲೇ ನಿಂತು ನೋಡಿದೆ. ಸೊಪ್ಪಿನ ಮೇಲೆ ಹತ್ತಾರು ಹುಳ ಹರಿದಾಡುತ್ತಿದ್ದವು. ಹಸಿದಿವೆ ಎಂದುಕೊಂಡು ಇನ್ನೊಂದು ಸಲ ಸೊಪ್ಪು ಹಾಕಿ ಎಂದೆ. ಸಂಜೆ ಫೋನ್ ಮಾಡಿ ಮತ್ತೊಂದು ಸಲವೂ ಹಾಕಿಸಿದೆ. ಕೆಳಗೆ ಸಾವಿರಾರು ಹುಳ ನಾಲ್ಕನೇ ಜ್ವರಕ್ಕೆ ಕುಳಿತಿದ್ದವು. ಹಸಿ ಸೊಪ್ಪಿನಡಿ ಅವು ತೇವಕ್ಕೆ ಸಿಕ್ಕಿಕೊಂಡವು, ಬೆಳವಣಿಗೆ ಹೆಚ್ಚುಕಡಿಮೆಯಾಯಿತು, ವಾರದೊಳಗೆ ಸಪ್ಪೆ ರೋಗ ಬಂದು ಇಡೀ ಬೆಳೆಯನ್ನು ಹಿತ್ತಿಲ ಗುಂಡಿಗೆ ಸುರಿಯಬೇಕಾಯಿತು.

"ಸಾಕು ಸಾ ಈ ಉಳದ ಸವಾಸ. ಮುಂದಿನ ತಿಂಗ್ಳು ಕಡ್ಡಿ ಕಿತ್ತಾಕಿ ಅರಿಸ್ನ ಆಕ್ತೀನಿ" ಎಂದರು ಪುಟ್ಟಬಸಮ್ಮ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ನನ್ನ ಹುರುಪು ಹೋದದ್ದು ಹೋಯಿತು. ಬೆಳಿಗ್ಗೆ ಏಳಲು ಮನಸ್ಸಾಗುತ್ತಿರಲಿಲ್ಲ, ಫೋನ್ ಬಡಿದುಕೊಂಡರೆ ಎತ್ತುತ್ತಿರಲಿಲ್ಲ, ಯಾವ ರೈತನ ಮುಖ ನೋಡಲೂ ನಾಚಿಕೆ. ಕೊನೆಗೆ ರೈತರ ಮನೆಗೆ ಹೋಗಬೇಕಿಲ್ಲದ, ಮೇಜಿನ ಕೆಲಸವಿರುವ ಯಾವುದಾದರೂ ಕಚೇರಿಗೆ ವರ್ಗ ಮಾಡಬೇಕೆಂದು ಅರ್ಜಿ ಬರೆದು, ನಮ್ಮ ರೇಷ್ಮೆ ಸೇವಾ ಕೇಂದ್ರದ ಮುಖ್ಯಸ್ಥರಾಗಿದ್ದ ಮೇಡಂ ಅವರ ಮುಂದಿಟ್ಟೆ. ಅವರು ಸಹಿ ಹಾಕಿ ಕಳಿಸಿದರೆ ನಾನು ಬಚಾವಾದೆ ಎಂದುಕೊಂಡಿದ್ದೆ. ಅವರು ನಿಧಾನವಾಗಿ ಓದಿ, ಮಡಿಸಿ, ಡ್ರಾಯರಿನಲ್ಲಿಟ್ಟರು.

"ಈಗ ಕಳಿಸಲ್ಲ ಬಸವಕುಮಾರ್. ಆಯಮ್ಮನ ಮನೇಲಿ ಒಂದು ಬೆಳೆ ಗೂಡು ಕಟ್ಲಿ. ಆಮೇಲೆ ನಾನೇ ಸಹಿ ಹಾಕಿ ಕಳಿಸ್ತೀನಿ."

ಮರುದಿನ ಮಂಗಳವಾರ. ಧನಗೆರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದರು. ತಪ್ಪು ನಮ್ಮ ಕೇಂದ್ರದ್ದು, ನಿನ್ನದೂ ಅಲ್ಲ ಹುಳದ್ದೂ ಅಲ್ಲ ಎಂದು ಪುಟ್ಟಬಸಮ್ಮನಿಗೆ ಹೇಳಿದರು; ನನ್ನ ಹೆಸರನ್ನು ಎತ್ತಲಿಲ್ಲ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಹುಳದ ಮನೆಯ ನೆಲ, ಗೋಡೆ, ಅಟ್ಟಣೆಗಳನ್ನು ತೊಳೆಯಲು ಕೂತರು. ನಾನೂ ತೊಳೆದೆ. ಮತ್ತೆ ಹುಳ ಇಡು ಎಂದು ಅವರು ಒಂದು ಮಾತೂ ಆಡಲಿಲ್ಲ. ಮುಂದಿನ ಮಂಗಳವಾರ ಹೋದೆವು, ಅದರ ಮುಂದಿನದೂ ಹೋದೆವು. ಹೋಗುವುದು, ತೋಟ ನೋಡುವುದು, ಕಾಫಿ ಕುಡಿಯುವುದು, ಬರುವುದು. ನನಗೆ ಇದು ಕಾಲಹರಣವೆನಿಸುತ್ತಿತ್ತು. ಒಂದು ದಿನ ಬಸ್ಸಿಗೆ ಕಾಯುವಾಗ, ನಿಮಗೆ ಬೇಸರವೇ ಬರುವುದಿಲ್ಲವೇ ಎಂದು ಕೇಳಿಯೂ ಬಿಟ್ಟೆ. ಬರುತ್ತದೆ, ಬೇಸರ ಬಂದ ದಿನ ಮೂರರ ಬದಲು ಒಂದೇ ಮನೆಗೆ ಹೋಗುತ್ತೇನೆ, ಆದರೆ ಆ ಒಂದಕ್ಕೆ ಹೋಗುತ್ತೇನೆ ಎಂದರು. ಐದನೇ ಮಂಗಳವಾರ ಪುಟ್ಟಬಸಮ್ಮ ತಾವಾಗಿಯೇ, ಇದೊಂದು ಕಿತ ನೋಡುತ್ತೇನೆ, ಕೆಟ್ಟರೆ ಕಡ್ಡಿ ಕೀಳುವುದೇ ಸೈ ಎಂದು ಹುಳ ಕೇಳಿದರು.

ಆ ಬೆಳೆಯ ನಾಲ್ಕನೇ ಜ್ವರದ ದಿನವನ್ನು ನಾನು ಮರೆಯಲಾರೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕೂತೆವು. ಮೇಡಂ ಬಾಗಿ ಒಂದೊಂದು ಅಟ್ಟಣೆಯನ್ನೂ ನೋಡಿ, ಹುಳದ ಅಡಿಯ ಸೊಪ್ಪಿನ ಹಾಸಿಗೆ ಒಣಗಲೆಂದು ತೆಳ್ಳಗೆ ಸುಣ್ಣದ ಪುಡಿ ಉದುರಿಸಿದರು. ಅಷ್ಟೇ, ಇನ್ನು ಮಾಡುವುದೇನೂ ಇರಲಿಲ್ಲ. ಹೊರಗೆ ಕೊಯ್ದಿಟ್ಟ ಸೊಪ್ಪು ಒದ್ದೆಗೋಣಿಯ ಕೆಳಗಿತ್ತು. ಒಳಗೆ ಹುಳ ಅಲುಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಕೈ ಕಡಿಯತೊಡಗಿತು. ಎದ್ದು ನಾಲ್ಕು ಸಲ ಹೊರಗೆ ಹೋಗಿ ಬಂದೆ. ಪುಟ್ಟಬಸಮ್ಮನಿಗೂ ತಡೆಯಲಾಗಲಿಲ್ಲ.

"ಅಮ್ಮಾ, ಒಟ್ಟೆಗಿಲ್ದೆ ಕುಂತವೆ. ಒಂದಿಡಿ ಆಕ್ಬುಡ್ಲಾ?"

"ಬ್ಯಾಡ ಕಣಮ್ಮ. ಅವು ಸುಮ್ನೆ ಕೂತಿಲ್ಲ, ದೊಡ್ಡವಾಗ್ತಾವೆ. ನಮ್ಗೆ ಕಾಣ್ತಿಲ್ಲ ಅಷ್ಟೆ."

ಹಾಗೆಂದು ಮೇಡಂ ಡಬ್ಬಿ ಬಿಚ್ಚಿ ಮೂವರಿಗೂ ಚಿತ್ರಾನ್ನ ಹಾಕಿಕೊಟ್ಟರು. ಅಂದು ನಾನು ತಿಂಗಳುಗಳ ನಂತರ ಹೊಟ್ಟೆತುಂಬ, ನಿಧಾನವಾಗಿ ಉಂಡೆ. ಉಣ್ಣುತ್ತ ಉಣ್ಣುತ್ತ ಕಣ್ಣಲ್ಲಿ ನೀರು ಬಂತು. ಮರುದಿನ ಹುಳ ಒಟ್ಟಿಗೇ ಎದ್ದವು; ಹಾಕಿದ ಸೊಪ್ಪನ್ನು ಸಣ್ಣ ಮಳೆ ಬಿದ್ದಂತೆ ಸದ್ದು ಮಾಡುತ್ತ ತಿಂದವು. ವಾರ ಕಳೆದ ಮೇಲೆ, ಹಣ್ಣಾದ ಹುಳಗಳನ್ನು ಬಿಡುವ ಬಿದಿರಿನ ಚಂದ್ರಿಕೆಗಳ ತುಂಬ ಗೂಡು ಕಟ್ಟಿದವು. ಧನಗೆರೆಯ ಆ ಅರ್ಧ ಎಕರೆ ಹಿಪ್ಪುನೇರಳೆ ಇಂದು ಎರಡು ಎಕರೆಯಾಗಿದೆ.

ಮಾತಿನಂತೆ ಮೇಡಂ ಗೂಡು ಕಟ್ಟಿದ ಮರುದಿನವೇ ಅರ್ಜಿಯನ್ನು ಡ್ರಾಯರಿನಿಂದ ತೆಗೆದು, ಕಳಿಸಲೇ ಎಂದು ಕೇಳಿದರು. ಪುಟ್ಟಬಸಮ್ಮನ ಮುಂದಿನ ಬೆಳೆಯೊಂದು ಮುಗಿಯಲಿ ಎಂದೆ. ಅದು ಮುಗಿದಾಗ ಇನ್ನೊಂದು ಶುರುವಾಗಿತ್ತು. ಹಾಗೆಯೇ ಹತ್ತು ವರ್ಷ ಹೋಯಿತು. ಈ ನಡುವೆ ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ನನ್ನ ಪಾಲಿನ ಮನೆಗಳಿಗೂ ಅವರೇ ಹೋಗಿದ್ದರು. ಅದನ್ನು ನನಗೆ ತಿಳಿಸಿದವರು ರೈತರು.

ಮೇ ಮೂವತ್ತೊಂದರಂದು ಕೇಂದ್ರದ ಪ್ರಭಾರವನ್ನು ನನಗೆ ಒಪ್ಪಿಸುವಾಗ ಮೇಡಂ ಬೀಗದ ಕೈ, ಮೊಹರು, ತೇವ ಅಳೆಯುವ ಯಂತ್ರ ಎಲ್ಲವನ್ನೂ ಒಂದೊಂದಾಗಿ ಎತ್ತಿಟ್ಟರು. ಕೊನೆಯಲ್ಲಿ ಮಡಿಕೆಯ ಗೆರೆಯಲ್ಲಿ ಹರಿದುಹೋಗಿದ್ದ ಒಂದು ಕಾಗದವನ್ನೂ ಇಟ್ಟರು.

"ಇದೊಂದು ಬಾಕಿ ಇತ್ತು. ಇನ್ಮೇಲೆ ಇದನ್ನ ಕಳಿಸೋರು ನೀವೇ."

ಅಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು.

ಯಳಂದೂರಿನ ತಮ್ಮ ಮನೆಯ ಹಿಂದಿನ ಕಾಲು ಎಕರೆಗೆ ಅವರೀಗ ಹಿಪ್ಪುನೇರಳೆ ನೆಟ್ಟಿದ್ದಾರೆ. ಬೆಳಿಗ್ಗೆ ಮೂರು ಸಾಲು ಮಾತ್ರ ಕಳೆ ತೆಗೆಯುತ್ತಾರಂತೆ. ಆ ಮೂರು ಸಾಲು ಅವರಿಗೆ ಇನ್ನೂ ಬಹಳ ವರ್ಷಗಳ ಕಾಲ ಇದೇ ನೆಮ್ಮದಿಯಲ್ಲಿ ಸಾಗಲಿ. ಮೊಣಕಾಲು ನೋಯದಿರಲಿ, ಕಣ್ಣು ಮಂಜಾಗದಿರಲಿ, ಹುಳದ ಸದ್ದನ್ನು ಕೇಳಿ ಸುಖದುಃಖ ಹೇಳುವ ಆ ಕಿವಿ ನೂರರ ಹತ್ತಿರ ಹೋದರೂ ಚುರುಕಾಗಿರಲಿ ಎಂದು ಮಲೆಯ ಮಾದಪ್ಪನನ್ನೂ ಬಿಳಿಗಿರಿಯ ರಂಗನಾಥನನ್ನೂ ಒಟ್ಟಿಗೇ ಬೇಡಿಕೊಳ್ಳುತ್ತೇನೆ.

ಅರ್ಜಿ ನನ್ನ ಡ್ರಾಯರಿನಲ್ಲಿದೆ ಮೇಡಂ. ಧನಗೆರೆಯಲ್ಲಿ ಹುಳ ಇವತ್ತು ಮೂರನೇ ಜ್ವರಕ್ಕೆ ಕೂತಿವೆ. ಅವು ಗೂಡು ಕಟ್ಟಲಿ, ಆಮೇಲೆ ನೋಡೋಣ.