ಕುಚ್ಚಕ್ಕ ಅನ್ನುವ ಹೆಸರು ಬಿಟ್ಟ ಮೇಲೆ

ಫೋನಿನ ಆ್ಯಪ್‌ನಲ್ಲಿದ್ದ ನನ್ನ ಖಾತೆಯ ಹೆಸರು ಬದಲಾದದ್ದು ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿದು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ. ಬದಲಾಯಿಸಿದ ಕೈ ನನ್ನದಲ್ಲ, ನನ್ನ ಗೆಳತಿಯದು. ನಾನು ಪಕ್ಕದಲ್ಲಿ ಕೂತು ಹೂಂ ಅಂದೆ.

ಹಳೆಯ ಹೆಸರು ಎಲ್ಲಿಂದ ಬಂತು ಅನ್ನುವುದನ್ನು ಮೊದಲು ಹೇಳಬೇಕು. ನಾನು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ. ಮನೆ ಕೆಸರೆಯಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಅತ್ತೆ ಸೀರೆಗೆ ಕುಚ್ಚು ಕಟ್ಟುವುದನ್ನು ಕಲಿಸಿದರು. ಸೆರಗಿನ ಅಂಚಿಗೆ ರೇಷ್ಮೆ ದಾರದ ಕಂತೆ ಪೋಣಿಸಿ, ಮಡಚಿ, ಆ ಕಂತೆಯ ಕತ್ತಿನ ಸುತ್ತ ಜರಿ ಸುತ್ತಿ, ಗಂಟು ಹಾಕಿ, ತುದಿಯನ್ನು ಸಮನಾಗಿ ಕತ್ತರಿಸಬೇಕು. ಅತ್ತೆಯ ಪದ್ಧತಿಯಲ್ಲಿ ಒಂದೊಂದು ಕುಚ್ಚಿಗೂ ಮೂರು ಗಂಟು. ಮೂರನೆಯದು ಒಳಗೆ ಸೇರಿಕೊಂಡು ಯಾರ ಕಣ್ಣಿಗೂ ಬೀಳುವುದಿಲ್ಲ. "ಕಾಣ್ದೇ ಇರೋ ಗಂಟೇ ಕಣಮ್ಮ ಕುಚ್ಚು ಹಿಡ್ಕೊಂಡಿರೋದು," ಅನ್ನುತ್ತಿದ್ದರು.

ಶಿಫ್ಟ್ ಬಸ್ಸಿನ ಹೆಂಗಸರು ನನ್ನ ಸೆರಗು ನೋಡಿ ಒಬ್ಬೊಬ್ಬರಾಗಿ ತಮ್ಮ ಸೀರೆ ತಂದುಕೊಡತೊಡಗಿದರು. ಕಾರ್ಖಾನೆಯಲ್ಲಿ ನನ್ನ ಹೆಸರಿನವರೇ ಇನ್ನಿಬ್ಬರಿದ್ದರು. ಗುರುತಿಗೆ ಇರಲಿ ಅಂತ ಯಾರೋ ಕುಚ್ಚಕ್ಕ ಅಂದರು. ವರ್ಷ ಕಳೆಯುವುದರೊಳಗೆ ನನಗಿಂತ ದೊಡ್ಡವರೂ ಹಾಗೇ ಕರೆಯುವಂತಾಯಿತು. "ಕುಚ್ಚಕ್ಕ ಇನ್ನೂ ಬಂದಿಲ್ಲ, ಎರಡ್ನಿಮ್ಷ ತಡೀರಿ," ಅಂತ ಡ್ರೈವರಿಗೆ ಹೇಳಿ ಬಸ್ಸು ನಿಲ್ಲಿಸಿದ ದಿನಗಳೂ ಇವೆ.

ಹಾಗೆ ಬಸ್ಸು ನಿಲ್ಲಿಸುತ್ತಿದ್ದವಳು ನನ್ನ ಗೆಳತಿ. ಒಂಬತ್ತು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಕೂತವಳು. ನನ್ನ ಮಗಳು ಹುಟ್ಟಿದಾಗ ರಜೆ ಹಾಕಿ ಬಂದು ಆಸ್ಪತ್ರೆಯಲ್ಲಿ ನನ್ನ ತಲೆ ಬಾಚಿದವಳು. ಕುಚ್ಚು ಕಟ್ಟುವುದನ್ನು ಅವಳಿಗೆ ನಾನೇ ಕಲಿಸಿದೆ. ಮದುವೆ ಕಾಲದಲ್ಲಿ ಸೀರೆ ಜಾಸ್ತಿ ಬಂದಾಗ ಅವಳೂ ಕೆಲವನ್ನು ಮನೆಗೆ ಒಯ್ದು ಕಟ್ಟಿ ತರುತ್ತಿದ್ದಳು. ಅವಳ ಕೈ ಚುರುಕು, ಆದರೆ ಮೂರನೆಯ ಗಂಟಿಗೆ ಅವಳಿಗೆ ಸಹನೆ ಇರಲಿಲ್ಲ. ಸೀರೆ ವಾಪಸ್ ಕೊಡುವ ಮುಂಚೆ ನಾನು ಒಂದು ಸಲ ಕೂತು ಅವಳು ಕಟ್ಟಿದ್ದನ್ನು ಬಿಚ್ಚಿ ಬಿಗಿ ಮಾಡಿಬಿಡುತ್ತಿದ್ದೆ. ಅದನ್ನು ಅವಳಿಗೆ ಹೇಳುತ್ತಿರಲಿಲ್ಲ.

ಫೋಟೋ ಹಾಕುವ ಆ್ಯಪ್‌ನಲ್ಲಿ ನನಗೆ ಖಾತೆ ತೆರೆದುಕೊಟ್ಟವಳೂ ಅವಳೇ. ಹೆಸರೇನಿಡಲಿ ಅಂದಳು. ಎಲ್ಲರೂ ಕರೆಯುವುದನ್ನೇ ಇಡು ಅಂದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕುಚ್ಚಕ್ಕ ಅಂತ ಟೈಪ್ ಮಾಡಿದಳು, ಯಾರೂ ತೆಗೆದುಕೊಂಡಿರಲಿಲ್ಲ. ಅಂದಿನಿಂದ ನಾನು ಕಟ್ಟಿಕೊಟ್ಟ ಪ್ರತಿ ಸೀರೆಯ ಮಡಿಕೆಯೊಳಗೆ ಒಂದು ಚೀಟಿಯಲ್ಲಿ ಆ ಹೆಸರು ಬರೆದು ಇಡುತ್ತಿದ್ದೆ. ಕುವೆಂಪುನಗರ, ಸರಸ್ವತಿಪುರಂ, ನಾನು ಕಾಲಿಡದ ಬಡಾವಣೆಗಳ ಬೀರುಗಳಲ್ಲೆಲ್ಲ ನನ್ನ ಕೈಬರಹದ ಚೀಟಿ ಇತ್ತು. ಸೀರೆ ಉಟ್ಟು ಫೋಟೋ ಹಾಕಿದವರು ಕೆಳಗೆ ಆ ಹೆಸರು ಸೇರಿಸುತ್ತಿದ್ದರು. ಅದನ್ನು ಒತ್ತಿದರೆ ನೇರ ನನ್ನ ಖಾತೆ ತೆರೆದುಕೊಳ್ಳುತ್ತಿತ್ತು.

ಆಮೇಲೆ ಗೆಳತಿ ಕಾರ್ಖಾನೆ ಬಿಟ್ಟಳು. ಅವಳ ಗಂಡ ದೇವರಾಜ ಮೊಹಲ್ಲಾದಲ್ಲಿ ಬ್ಲೌಸ್ ಪೀಸ್, ಫಾಲ್ಸು, ದಾರ ಮಾರುವ ಒಂದು ಮ್ಯಾಚಿಂಗ್ ಸೆಂಟರ್ ಹಾಕಿದ್ದರು, ಅಲ್ಲಿ ಅವಳು ಕೂರತೊಡಗಿದಳು. ನಾನು ದಾರಕ್ಕೆ ಅಲ್ಲಿಗೇ ಹೋಗುತ್ತಿದ್ದೆ. ಬಸ್ಸಿನಲ್ಲಿ ಪಕ್ಕದ ಸೀಟು ಬೇರೆಯವರದಾಯಿತು, ಅಷ್ಟೇ ಬದಲಾವಣೆ ಅಂದುಕೊಂಡಿದ್ದೆ.

ಆ ಭಾನುವಾರ ಅವಳು ಊಟಕ್ಕೆ ಬಂದಿದ್ದಳು. ನನ್ನ ಫೋನು ತೆಗೆದುಕೊಂಡು ನೋಡುತ್ತಾ, "ಈ ಹೆಸ್ರು ಬದ್ಲಾಯ್ಸು ಕಣೇ," ಅಂದಳು. "ಕುಚ್ಚಕ್ಕ ಅಂದ್ರೆ ಬಸ್ಸಲ್ಲಿ ಕೂಗ್ದಂಗಿರ್ತದೆ. ಮದ್ವೆ ಮನೆಯೋರು ಭಾರಿ ಭಾರಿ ಸೀರೆ ಕೊಡ್ಬೇಕು ಅಂದ್ರೆ ಹೆಸ್ರಲ್ಲಿ ಒಂದು ಗತ್ತು ಇರ್ಬೇಕು."

"ಇದೇ ಎಲ್ರಿಗೂ ಗೊತ್ತಲ್ವಾ?"

"ನಿನ್ ಖಾತೆ ಅಂಗೇ ಇರ್ತದೆ. ಫೋಟೋ, ಜನ ಎಲ್ಲಾ ಇಲ್ಲೇ ಇರ್ತಾರೆ. ಬೋರ್ಡ್ ಒಂದು ಬದ್ಲಾಗ್ತದೆ ಅಷ್ಟೇ."

ನಡುಮನೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅತ್ತೆ ತಲೆ ಎತ್ತಿದರು. "ಜನ ಕರ್ದ ಹೆಸ್ರನ್ನ ಯಾಕವ್ವಾ ಬದ್ಲಾಯಿಸ್ತೀರಿ?"

"ನಿಮ್ಗೆ ಗೊತ್ತಾಗಲ್ಲ ಬುಡಿ ಅಮ್ಮ," ಅಂತ ಗೆಳತಿ ನಕ್ಕಳು. ನಾನೂ ನಕ್ಕೆ. ಈಗ ನೆನೆದರೆ ಆ ನಗುವಿಗೆ ನಾಚಿಕೆಯಾಗುತ್ತದೆ.

ಅವಳು ಆರಿಸಿದ ಸೆರಗು ಸ್ಟುಡಿಯೋ ಅನ್ನುವ ಹೆಸರು ಆಗಲೇ ಯಾರದೋ ಆಗಿತ್ತು. ಹಾಗಾಗಿ ಕೊನೆಗೆ ಎರಡು ಅಂಕಿ ಸೇರಿಸಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ನಾಲ್ಕು ಸಾಲು ಬಂತು. ಏನದು ಅಂತ ಕೇಳಿದೆ. "ಏನೋ ರೂಲ್ಸು, ಎಲ್ಲಾದಕ್ಕೂ ಬರ್ತದೆ," ಅಂತ ಒತ್ತಿದಳು. ನಾನು ಹತ್ತನೇ ಕ್ಲಾಸು ಓದಿದವಳು. ನಿಧಾನವಾಗಿ ಓದಿದ್ದರೆ ನನಗೂ ಅರ್ಥವಾಗುತ್ತಿತ್ತು. ಬಿಟ್ಟ ಹೆಸರನ್ನು ಕೆಲವು ದಿನ ಮಾತ್ರ ನನಗಾಗಿ ಕಾದಿರಿಸುತ್ತಾರೆ, ಆಮೇಲೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು ಅಂತ ಅಲ್ಲಿ ಬರೆದಿತ್ತು.

ಒಂದೆರಡು ತಿಂಗಳು ಸೀರೆಗಳು ಕಡಿಮೆಯಾದವು. ಆಷಾಢ ಅಲ್ವಾ ಅಂದುಕೊಂಡೆ. ಶ್ರಾವಣ ಬಂದರೂ ಬರಲಿಲ್ಲ. ಹೊಸ ಹೆಸರಿಗೆ ಜನ ಹೊಂದಿಕೊಳ್ಳಬೇಕು, ಸ್ವಲ್ಪ ತಾಳು ಅಂತ ಗೆಳತಿಯೇ ಸಮಾಧಾನ ಹೇಳಿದಳು. ದಾರದ ಜೊತೆ ಒಂದು ಪೊಟ್ಟಣ ಮಣಿಯನ್ನೂ ಕೈಗಿಟ್ಟು ಕಳಿಸಿದಳು.

ಒಂದು ಸಂಜೆ ಕುವೆಂಪುನಗರದ ಒಬ್ಬ ಶಿಕ್ಷಕಿ ಫೋನ್ ಮಾಡಿದರು. ಹಿಂದೆ ಅವರ ಮೂರ್ನಾಲ್ಕು ಸೀರೆಗೆ ನಾನೇ ಕಟ್ಟಿಕೊಟ್ಟಿದ್ದೆ.

"ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರಲಿಲ್ಲ ಕಣ್ರೀ," ಅಂದರು. "ಮಗಳ ನಿಶ್ಚಿತಾರ್ಥದಲ್ಲಿ ಎಲ್ಲರ ಎದುರಿಗೆ ಕುಚ್ಚು ಬಳೆಗೆ ಸಿಕ್ಕಿ ಒಂದಾದ ಮೇಲೊಂದು ಉದುರಿತು. ಅಂಗಡಿ ಮಾಡಿದ ಮೇಲೆ ಕೈ ಕೆಟ್ಟಿತಾ?"

"ಮೇಡಂ, ನಾನು ಯಾವ ಅಂಗಡೀನೂ ಮಾಡಿಲ್ಲ."

"ಕುಚ್ಚಕ್ಕ ನೀವೇ ಅಲ್ವಾ? ಮೆಸೇಜ್ ಮಾಡಿದ್ದಕ್ಕೆ ದೇವರಾಜ ಮೊಹಲ್ಲಾದ ಅಂಗಡಿಗೆ ತಂದುಕೊಡಿ ಅಂತ ಉತ್ತರ ಬಂತು. ಅಲ್ಲಿದ್ದವರು ನಿಮ್ಮ ಕಡೆಯವರು ಅಂತ ಕೊಟ್ಟು ಬಂದೆ."

ಮಾರನೆಯ ದಿನ ಶಿಫ್ಟ್ ಮುಗಿಸಿ ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ ಸೀರೆ ತಂದರು. ಗಿಳಿಹಸಿರು ರೇಷ್ಮೆ, ನೇರಳೆ ಅಂಚು. ಉಳಿದಿದ್ದ ಕುಚ್ಚೊಂದನ್ನು ಹಿಡಿದು ಮೆಲ್ಲಗೆ ಬಿಚ್ಚಿದೆ. ಎರಡೇ ಗಂಟು. ಜರಿ ಸುತ್ತಿದ್ದ ರೀತಿ, ಎಡಗಡೆಗೆ ವಾಲಿಸಿ ಕತ್ತರಿಸಿದ ತುದಿ, ಇದು ಯಾರ ಕೈ ಅಂತ ಇನ್ನೊಬ್ಬರು ನನಗೆ ಹೇಳಬೇಕಾಗಿರಲಿಲ್ಲ. ಮೇಡಂ ತಮ್ಮ ಫೋನು ತೆರೆದು ತೋರಿಸಿದರು. ಕುಚ್ಚಕ್ಕ ಅನ್ನುವ ಹೆಸರಿನ ಕೆಳಗೆ ಮ್ಯಾಚಿಂಗ್ ಸೆಂಟರಿನ ಬಾಗಿಲು, ಗೆಳತಿಯ ಕೌಂಟರು. ನಾನು ಕಟ್ಟಿದ ಸೀರೆಗಳ ಫೋಟೋ ಕೂಡ ನಾಲ್ಕು ಇದ್ದವು. ಒಂದರಲ್ಲಿ ನನ್ನ ಮನೆಯ ಕಿಟಕಿ ಕಾಣುತ್ತಿತ್ತು.

ಸೀರೆಯನ್ನು ನಾನೇ ಮತ್ತೆ ಕಟ್ಟಿಕೊಡುತ್ತೇನೆ ಅಂತ ಹೇಳಿ ತೆಗೆದುಕೊಂಡು, ಬಸ್ಸು ಹತ್ತಿ ನೇರ ಅಂಗಡಿಗೆ ಹೋದೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗುವ ತನಕ ಬಾಗಿಲ ಪಕ್ಕ ನಿಂತೆ. ಅವಳು ನನ್ನ ಕೈಯಲ್ಲಿದ್ದ ಸೀರೆ ನೋಡಿದಳು, ಮಾತು ಬೇಡವಾಯಿತು. ಆದರೂ ಕೇಳಿದೆ.

"ಯಾಕೆ ಇಂಗ್ ಮಾಡ್ದೆ?"

"ನಾನೇನ್ ಕಿತ್ಕೊಂಡ್ನಾ? ನೀನು ಬುಟ್ಟಿದ್ದ ಹೆಸ್ರು. ಖಾಲಿ ಇತ್ತು, ತಗೊಂಡೆ. ನಾನ್ ತಗೊಳ್ದಿದ್ರೆ ಇನ್ಯಾರೋ ತಗೊಳ್ತಿದ್ರು."

"ಬುಡು ಅಂತ ಹೇಳಿದ್ದು ಯಾರು?"

ಅವಳು ಅಳತೆ ಕೋಲು ಎತ್ತಿ ಮತ್ತೆ ಅಲ್ಲೇ ಇಟ್ಟಳು. ನಾನು ಇನ್ನೊಂದು ಮಾತು ಕೇಳಿದೆ. ಅದೊಂದು ಗೊತ್ತಾದರೆ ಸಾಕಿತ್ತು ನನಗೆ. "ಅವತ್ತು ನಮ್ಮನೇಲಿ ಊಟ ಮಾಡ್ತಿದ್ದಾಗ್ಲೇ ಇದು ನಿನ್ ಮನಸ್ಸಲ್ಲಿತ್ತಾ?"

ಇಲ್ಲ ಅಂತ ಸುಳ್ಳು ಹೇಳಿದ್ದರೂ ನಂಬಿಬಿಡುತ್ತಿದ್ದೆನೇನೋ. ಅವಳು ಹೇಳಲಿಲ್ಲ. ಬಟ್ಟೆಯ ಥಾನು ಸುತ್ತುತ್ತಾ ಅಂದಳು: "ಒಂಬತ್ತು ವರ್ಷ ಅದೇ ಬಸ್ಸಲ್ಲಿ ನಾನೂ ಕೂತಿದ್ದೆ. ನಾನೂ ಕಟ್ಟಿದ್ದೆ. ಒಬ್ರಾದ್ರೂ ನನ್ನ ಏನಾದ್ರೂ ಅಂತ ಕರೆದ್ರಾ? ನಿನ್ ಪಕ್ಕ ಕೂತ್ಕೊಳ್ಳೋಳು ಅಂತಿದ್ರು. ನಾನು ಕಟ್ಟಿದ್ದನ್ನ ನೀನು ಹಿಂದಿನಿಂದ ಬಿಚ್ಚಿ ಕಟ್ತಿದ್ದೆ. ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?"

ಅದು ನಿಜವೇ ಆಗಿತ್ತು. ಆದರೆ ಅದಕ್ಕೆ ಇದು ಉತ್ತರವೇ? ಒಂದು ದಿನ ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದರೂ, ಬಾಯಿಗೆ ಬಂದಂತೆ ಬೈದಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ಅವಳು ನಗುತ್ತಾ ಬಂದು, ನನ್ನ ಮನೆಯಲ್ಲಿ ಉಂಡು, ನನ್ನ ಒಳ್ಳೆಯದಕ್ಕೆ ಅಂತ ಹೇಳಿ ನನ್ನ ಬಾಯಿಂದಲೇ ಹೂಂ ಅನ್ನಿಸಿಕೊಂಡು ಹೋಗಿದ್ದಳು.

"ವಾಪಸ್ ಕೊಡು," ಅಂದೆ.

"ಅಂಗಡಿ ಬೋರ್ಡಿಗೆ ಬರೆಸಿಬುಟ್ಟಿದ್ದೀವಿ," ಅಂದಳು.

ಹೊರಗೆ ಬಂದು ತಲೆ ಎತ್ತಿ ನೋಡಿದೆ. ಹೌದು, ಬರೆಸಿದ್ದರು.

ಆ್ಯಪ್‌ನವರಿಗೆ ದೂರು ಬರೆದೆ. ಈ ಸಲ ನಾನೇ, ಒಂದೊಂದೇ ಅಕ್ಷರ ಹುಡುಕಿ. ನೀವು ಬಿಟ್ಟ ಹೆಸರನ್ನು ಇನ್ನೊಬ್ಬರು ನಿಯಮದ ಪ್ರಕಾರವೇ ಪಡೆದಿದ್ದಾರೆ, ನಾವೇನೂ ಮಾಡಲಾಗದು ಅಂತ ಸಭ್ಯವಾದ ಉತ್ತರ ಬಂತು. ಅದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಗಂಡ, ಪೊಲೀಸ್ ಸ್ಟೇಷನ್‌ಗೆ ಹೋಗೋಣ ಅಂದರು. ಏನಂತ ಬರೆದುಕೊಡುವುದು? ಏನು ಕಳುವಾಗಿದೆ ಅಂದರೆ, ಬಸ್ಸಿನಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರು ಅನ್ನಬೇಕೇ? ಬೇಡ ಅಂದೆ. ಅತ್ತೆ ಮಾತ್ರ ನಾನು ಅವತ್ತೇ ಹೇಳಿದ್ದೆ ನೋಡು ಅನ್ನಲಿಲ್ಲ. ಆ ವಾರವೆಲ್ಲ ನನ್ನ ಜೊತೆ ಕೂತು ಮೇಡಂ ಸೀರೆಗೆ ದಾರ ಎಳೆದುಕೊಟ್ಟರು.

ನಾನು ಮತ್ತೆ ಕಟ್ಟಿದ ಸೀರೆ ನೋಡಿ, ನಡೆದದ್ದೆಲ್ಲ ಕೇಳಿ, ಮೇಡಂ ತಮ್ಮ ಶಾಲೆಯ ನಾಲ್ಕು ಜನರಿಗೆ ಹೇಳಿದರು. ಕೆಲವರು ಹಿಂದಿರುಗಿ ಬಂದಿದ್ದಾರೆ. ಬಹಳ ಜನ ಬಂದಿಲ್ಲ. ಅವರಿಗೆ ಬದಲಾದದ್ದೇ ಗೊತ್ತಿಲ್ಲ, ಬೀರುವಿನ ಚೀಟಿ ತೆಗೆದು ಅದೇ ಹೆಸರು ಹುಡುಕಿ ಅಲ್ಲಿಗೇ ಹೋಗುತ್ತಾರೆ. ಖಾತೆಯ ಹೆಸರನ್ನು ನಾನು ಇನ್ನೊಮ್ಮೆ ಬದಲಾಯಿಸಿಲ್ಲ. ಆ ಅಂಕಿ ಸೇರಿಸಿದ ಹೆಸರೇ ಇದೆ. ಅದನ್ನು ಮುಟ್ಟಲು ಕೈ ಬರುವುದಿಲ್ಲ. ದಾರಕ್ಕೆ ಈಗ ಬೇರೆ ಅಂಗಡಿಗೆ ಹೋಗುತ್ತೇನೆ.

ಕಳೆದ ತಿಂಗಳು ಕುಚ್ಚಕ್ಕನ ಖಾತೆಯಿಂದ ನನಗೊಂದು ಮೆಸೇಜ್ ಬಂತು. ಎಂಗಿದ್ದೀಯಾ ಅಂತಲೂ ಇರಲಿಲ್ಲ. ಒಂದು ಸೀರೆಯ ಫೋಟೋ, ಕೆಳಗೆ ಒಂದು ಸಾಲು: "ದೊಡ್ಡ ಮನೆಯೋರ ಸೀರೆ. ಇದು ನನ್ ಕೈಲಿ ಆಗಲ್ಲ. ಕಟ್ಕೊಡ್ತೀಯಾ?"

ಕೆಂಪು ಮೆಣಸಿನಕಾಯಿ ಬಣ್ಣದ ಒಡಲು, ಅಗಲವಾದ ಹಳೇ ಕಾಲದ ಜರಿ ಸೆರಗು. ಅಂಥ ಸೀರೆ ನನ್ನ ಕೈಗೆ ಎಂದೂ ಬಂದಿರಲಿಲ್ಲ. ಫೋಟೋ ದೊಡ್ಡದು ಮಾಡಿ, ಇದಕ್ಕೆ ಕೆಂಪು ದಾರ ಬೇಡ, ಸಾಸಿವೆ ಬಣ್ಣದ್ದು ಹಾಕಿ ನಡುವೆ ಒಂದೊಂದು ಸಣ್ಣ ಮುತ್ತು ಬಿಡಬೇಕು ಅಂತ ಯೋಚಿಸುತ್ತಿದ್ದೆ. ಎಷ್ಟು ಹೊತ್ತು ಹಾಗೆ ನೋಡುತ್ತಾ ಕೂತಿದ್ದೆನೋ. ಯಾರ ಹೆಸರಿಗೆ ಕಟ್ಟುತ್ತಿದ್ದೇನೆ ಅನ್ನುವುದು ಆಮೇಲೆ ನೆನಪಾಯಿತು.

ಆಗಲ್ಲ, ಅಂತ ಬರೆದು ಕಳಿಸಿದೆ.