ಪಾರ್ಸೆಲ್ ಪೈಪೋಟಿ

ಜರ್ಮನಿಯ ಬಾನ್ ನಗರದಲ್ಲಿ, ವ್ಯಾಪಾರದಲ್ಲಿ ಏಕಸ್ವಾಮ್ಯ ತಡೆದು ಪೈಪೋಟಿ ಕಾಯುವ ಸರ್ಕಾರಿ ಕಚೇರಿಯಲ್ಲಿ ಫೋಲ್ಕರ್ ಡ್ರೇಸನ್ ಅವರ ಕೆಲಸವೆಂದರೆ ದೈತ್ಯ ಆನ್‌ಲೈನ್ ಕಂಪನಿಗಳಿಗೆ ಮೂಗುದಾರ ಹಾಕುವುದು. ಜನರ ಗುಟ್ಟನ್ನು ಅಲ್ಲಿಷ್ಟು ಇಲ್ಲಿಷ್ಟು ಹೆಕ್ಕಿ, ಹೇಳದೆ ಕೇಳದೆ ಒಟ್ಟುಗೂಡಿಸುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಆದರೆ ಅವರು ವಾಸವಿದ್ದ ಕಟ್ಟಡದ ಎರಡನೇ ಮಹಡಿಯಲ್ಲೇ ಫ್ರೌ ಪ್ಯುಟ್ಸ್, ಅಂದರೆ ಶ್ರೀಮತಿ ಪ್ಯುಟ್ಸ್, ಎಂಬ ಒಂಟಿ ಹೆಂಗಸಿದ್ದರು. ಎಲ್ಲರೂ ಕೆಲಸಕ್ಕೆ ಹೋದಾಗ ಬರುವ ಪಾರ್ಸೆಲ್‌ಗಳನ್ನು ಇಸಿದುಕೊಳ್ಳುವವರು ಆಕೆ ಒಬ್ಬರೇ. ಡಬ್ಬದ ಮೇಲಿನ ಅಂಗಡಿಯ ಹೆಸರು ನೋಡಿಯೇ ಒಳಗೇನಿದೆ ಎಂದು ಹೇಳಬಲ್ಲವರು.

"ಬನ್ನಿ ಹೆರ್ ಡ್ರೇಸನ್, ಮಂಡಿಗೆ ಕಟ್ಟೋ ಪಟ್ಟಿ ಬಂದಿದೆ. ನೀವು ಕುಂಟೋದು ನೋಡಿ ಆಗ್ಲೇ ಅಂದ್ಕೊಂಡೆ!" ಎಂದು ಆಕೆ ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದ ದಿನ ಡ್ರೇಸನ್ ತೀರ್ಮಾನಿಸಿಬಿಟ್ಟರು: ಇದು ಏಕಸ್ವಾಮ್ಯ. ಇದಕ್ಕೆ ಮದ್ದು ಪೈಪೋಟಿ.

ಕೆಳಮನೆಯ ವಿಧುರ ಶ್ಮಿಕ್ಲರ್ ಅವರನ್ನು ಪುಸಲಾಯಿಸಿ ಪಾರ್ಸೆಲ್ ಇಸಿದುಕೊಳ್ಳಲು ಒಪ್ಪಿಸಿದರು. ಈಗ ಅರ್ಧ ಗುಟ್ಟು ಮೇಲೆ, ಅರ್ಧ ಕೆಳಗೆ. ಬಾಯಿಬಿಟ್ಟರೆ ಗಿರಾಕಿ ಕೆಳಮನೆಗೆ ಹೋದೀತೆಂಬ ಭಯಕ್ಕೆ ಫ್ರೌ ಪ್ಯುಟ್ಸ್ ಬಾಯಿಗೂ ಬೀಗ ಬಿತ್ತು. ಡ್ರೇಸನ್ ಎದೆಯುಬ್ಬಿಸಿ ಓಡಾಡಿದರು.

ಚಳಿಗಾಲ ಕಳೆದ ಮೇಲೆ ಒಂದು ಭಾನುವಾರ ಆ ಇಬ್ಬರೂ ಸೇಬಿನ ಕೇಕ್ ಹಿಡಿದು ಡ್ರೇಸನ್ ಅವರ ಬಾಗಿಲಿಗೆ ಬಂದರು.

"ಎಲ್ಲಾ ನಿಮ್ಮಿಂದಾನೇ ಆಗಿದ್ದು," ಎಂದು ಶ್ಮಿಕ್ಲರ್ ನಾಚಿದರು. "ಆ ಪಾರ್ಸೆಲ್ ನಿಮ್ಹತ್ರ ಇದ್ಯಾ, ಈ ಪಾರ್ಸೆಲ್ ನಿಮ್ಹತ್ರ ಇದ್ಯಾ ಅಂತ ಒಬ್ರನ್ನೊಬ್ರು ಕೇಳ್ತಾ ಕೇಳ್ತಾ... ನಾವಿಬ್ರೂ ಮದುವೆ ಆಗ್ತಿದ್ದೀವಿ."

"ಸಾಕ್ಷಿ ಸಹಿ ನಿಮ್ದೇ, ಇಲ್ಲ ಅನ್ಬೇಡಿ," ಎಂದರು ಫ್ರೌ ಪ್ಯುಟ್ಸ್. "ನಿಮ್ಮ ಹೊಸ ಸೂಟು ಇವರ ಹತ್ರ ಬಂದಿದೆ. ಹೊಟ್ಟೆ ಅದುಮೋ ಪಟ್ಟಿ ನನ್ನ ಹತ್ರ ಇದೆ. ಇನ್ಮೇಲೆ ಎರಡೂ ಒಂದೇ ಮನೇಲಿ ಸಿಗುತ್ತೆ."